ಗೇಟಿನಲ್ಲಿ ಜಗಳ ಬೇಡ, ಅರ್ಜಿ ಬರೆಯಿರಿ

ಓದಲೆಂದು ಚುಂಚನಕಟ್ಟೆಯಿಂದ ಮೈಸೂರಿಗೆ ಬಂದಾಗ ಹಾಸ್ಟೆಲಿನ ನಿಯಮಗಳ ಹಾಳೆಯೊಂದನ್ನು ಕೈಗೆ ಕೊಟ್ಟಿದ್ದರು. ಅದನ್ನು ಓದಿದವರು ಕಡಿಮೆ. ಗೇಟಿನಲ್ಲಿ ತಂಟೆಯಿಲ್ಲದೆ ಓಡಾಡುವುದು ಹೇಗೆಂದು ಹೇಳಿಕೊಟ್ಟವರು ಸೀನಿಯರ್ ಅಕ್ಕಂದಿರು. ಐಡಿ ಕಾರ್ಡು ಕೊರಳಲ್ಲೇ ಇರಲಿ. ಊರಿಂದ ಬರುವಾಗ ಬಸ್ ಟಿಕೆಟ್ ಎಸೆಯಬೇಡ, ತಡವಾದರೆ ಅದೇ ಸಾಕ್ಷಿ. ತಡವಾಗುತ್ತದೆ ಅನ್ನಿಸಿದ ಕೂಡಲೇ ಫೋನ್ ಮಾಡು, ಗೇಟಿಗೆ ಬಂದು ಕತೆ ಹೇಳಬೇಡ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಿಗುವ ಶೂನ್ಯ ದರದ ಟಿಕೆಟ್ಟಿಗೂ ಈ ಮಾತು ಸಲ್ಲುತ್ತದೆ, ಅದನ್ನೂ ಜೋಪಾನವಾಗಿಡಬೇಕು.

ಇವು ಒಳ್ಳೆಯ ರೂಢಿಗಳು. ಅಷ್ಟೇನೂ ಒಳ್ಳೆಯವಲ್ಲದವೂ ಇದ್ದವು. ರಿಜಿಸ್ಟರಿನಲ್ಲಿ ಹೊರಗೆ ಹೋಗುವ ಕಾರಣ ಬರೆಯುವ ಕಡೆ ಕೆಲವರ ಅಜ್ಜಿಯರು ವರ್ಷಕ್ಕೆರಡು ಸಲ ಸಾಯುತ್ತಿದ್ದರು. ಒಬ್ಬಳ ಸಹಿಯನ್ನು ಇನ್ನೊಬ್ಬಳು ಹಾಕುವುದಿತ್ತು. ಸೆಕ್ಯೂರಿಟಿ ಅಣ್ಣನಿಗೆ ಇದೆಲ್ಲ ಗೊತ್ತಿರಲಿಲ್ಲ ಅಂತಲ್ಲ. ಒಂದು ಸಂಜೆ ಅವರೇ ಹೇಳಿದರು: "ಸುಳ್ಳು ಬರೀಬೇಡಿ ಕಣ್ರವ್ವ. ಯಾರಿಗಾದ್ರೂ ಏನಾರಾದ್ರೆ ಮೊದಲು ನೋಡೋದು ಈ ಬುಕ್ಕು, ಆಮೇಲೆ ನನ್ನ ಮಕ." ಏಜೆನ್ಸಿಯ ಮೂಲಕ ಬಂದವರು ಅವರು, ಹನ್ನೆರಡು ಗಂಟೆ ಪಾಳಿ. ನಾವು ಕಾಂಪೌಂಡ್ ಹಾರಿದರೆ ನಮಗೆ ಬೈಗುಳ, ಅವರಿಗೆ ಸಂಬಳಕ್ಕೇ ಕತ್ತರಿ. ಅಂದಿನಿಂದ ನಮ್ಮ ರೂಮಿನವರು ಹೋಗುವ ಜಾಗವನ್ನು ಇದ್ದ ಹಾಗೇ ಬರೆಯತೊಡಗಿದೆವು. ಸಂಕ್ರಾಂತಿ ಹೊತ್ತಿನಲ್ಲಿ ನಮ್ಮೂರ ಕೋದಂಡರಾಮನ ಜಾತ್ರೆ ಮುಗಿಸಿ, ದನದ ಜಾತ್ರೆಯ ಜನ ತುಂಬಿದ ಬಸ್ಸಿನಲ್ಲಿ ಹೊತ್ತು ಮೀರಿ ಬಂದಾಗ ಅಣ್ಣ ಕೇಳಿದ್ದು ಒಂದೇ: "ಎತ್ತುಗಳು ಯಾವ ರೇಟಿಗೆ ಹೋದ್ವು?"

ಹಾಗಂತ ಕಾವಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕು ಎಂಬುದು ನನ್ನ ವಾದವಲ್ಲ. ನಾನು ಬೆಳೆದದ್ದು ಕಾವೇರಿ ಧುಮುಕುವ ಊರಿನಲ್ಲಿ. ಮಳೆಗಾಲದಲ್ಲಿ ಮೇಲಿನ ಹಾರಂಗಿಯಿಂದ ನೀರು ಬಿಟ್ಟರೆ ಜಲಪಾತದ ಬಂಡೆಗಳು ನೋಡನೋಡುತ್ತಲೇ ಮುಳುಗುತ್ತವೆ. ಆಗ ಕಾವಲಿಗೆ ನಿಂತವರು ಸೀಟಿ ಊದಿದರೆ ಊರಿನವರು ಮರುಮಾತಿಲ್ಲದೆ ಮೇಲೆ ಬರುತ್ತೇವೆ. ಆ ನಿಯಮಕ್ಕೆ ಕಾರಣ ಕಣ್ಣೆದುರಿಗೇ ಹರಿಯುತ್ತಿರುತ್ತದೆ. ಗಂಡು ಹೆಣ್ಣೆನ್ನದೆ ಎಲ್ಲರಿಗೂ ಅದು ಒಂದೇ.

2021ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಬಂದ ನಿಯಮ ಹಾಗಿರಲಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ಬೆನ್ನಿಗೇ ಮೈಸೂರು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿತು: ಸಂಜೆ 6.30ರ ನಂತರ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಹುಡುಗಿಯರು ಒಂಟಿಯಾಗಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಕಡೆಗೂ ಹೋಗಬಾರದು. ತಪ್ಪು ಮಾಡಿದವರು ಬೇರೆ, ಮನೆ ಸೇರಬೇಕಾದವರು ನಾವು! ಟೀಕೆಗಳು ಬಂದ ಮೇಲೆ ಅದನ್ನು ಬದಲಿಸಿದರು. ಅದು ಬದಲಾದದ್ದು ಜನ ಬಹಿರಂಗವಾಗಿ ಪ್ರಶ್ನಿಸಿದ್ದರಿಂದ. ಯಾರೋ ಗೇಟಿನಲ್ಲಿ ಕಾವಲಿನವರ ಜೊತೆ ಕೈಕೈ ಮಿಲಾಯಿಸಿದ್ದರಿಂದಲ್ಲ.

ನಮ್ಮ ಹಾಸ್ಟೆಲಿನಲ್ಲೂ ಹಾಗೇ ಆಯಿತು. ಲೈಬ್ರರಿ ಮುಚ್ಚುವ ಮೊದಲೇ ಗೇಟು ಮುಚ್ಚುತ್ತಿತ್ತು. ವರ್ಷಗಳಿಂದ ಎಲ್ಲರೂ ಇದಕ್ಕಾಗಿ ಸೆಕ್ಯೂರಿಟಿಯವರ ಮೇಲೆ ರೇಗುತ್ತಿದ್ದರು, ಆದರೆ ಹೊತ್ತು ಗೊತ್ತುಮಾಡಿದವರು ಅವರಲ್ಲ. ಕೊನೆಗೆ ಲೈಬ್ರರಿಯ ವೇಳಾಪಟ್ಟಿ ಲಗತ್ತಿಸಿ, ಎಲ್ಲರ ಸಹಿ ಹಾಕಿಸಿ, ವಾರ್ಡನ್ ಮೇಡಮ್ಮಿಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಪರೀಕ್ಷೆಯ ತಿಂಗಳುಗಳಿಗೆ ವಿನಾಯಿತಿ ಸಿಕ್ಕಿತು. ಪೂರ್ತಿ ಗೆಲುವಲ್ಲ, ಆದರೂ ಮುಂದಿನ ಬ್ಯಾಚಿನವರಿಗೆ ಅರ್ಜಿಯ ನಮೂನೆಯೊಂದು ಉಳಿಯಿತು.

ಈಗ ನಮ್ಮ ಕಡೆಯಿಂದ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣದಿಂದ ಓದಲು ಹೊರಡುವ ತಂಗಿಯರು ಕೇಳಿದರೆ ಹೇಳುವುದಿಷ್ಟು. ಗೇಟಿನವರ ಹೆಸರು ಕೇಳಿ ತಿಳಿದುಕೊಳ್ಳಿ, ಅಣ್ಣ ಎನ್ನಿ. "ನಮ್ಮ ಮಾವ ಯಾರು ಗೊತ್ತಾ" ಅಂತ ಶುರು ಮಾಡಬೇಡಿ. ಜೊತೆಗೆ ಹೋದವರು ಜೊತೆಗೇ ಬನ್ನಿ. ಗೇಟಿನವರಲ್ಲೇ ಯಾರಾದರೂ ಫೋನ್ ಕಸಿದುಕೊಂಡರೆ, ಅಸಭ್ಯವಾಗಿ ಮಾತಾಡಿದರೆ, ಅಲ್ಲಿ ಕೂಗಾಡದೆ "ವಾರ್ಡನ್ ಮುಂದೆ ಮಾತಾಡೋಣ" ಎನ್ನಿ. ದಿನ, ಹೊತ್ತು ಬರೆದಿಟ್ಟುಕೊಂಡು ಅವತ್ತೇ ದೂರು ಕೊಡಿ. ಮೈಮೇಲೆ ಬಂದರೆ ಯಾರನ್ನೂ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ರ‍್ಯಾಗಿಂಗ್ ಕಾಟವಾದರೆ 1800-180-5522 ಹಗಲೂ ರಾತ್ರಿ ತೆರೆದಿರುತ್ತದೆ. ನಿಯಮವೇ ಸರಿಯಿಲ್ಲ ಅನ್ನಿಸಿದರೆ, ಅದಕ್ಕೆ ಸಹಿ ಹಾಕಿದವರ ಮೇಜಿನವರೆಗೂ ಹೋಗಿ.