ಮುರಿದದ್ದು ಆಕ್ಸಲ್, ತಪ್ಪು ಹಬ್ಬಿನದು

ಮಳೆಗಾಲ ಮುಗಿಯುತ್ತಿದ್ದಂತೆ ಠಾಣೆ, ಡೊಂಬಿವಲಿ, ಕಲ್ಯಾಣದ ಸೈಕಲ್ ಅಂಗಡಿಗಳಿಗೆ ಹಿಂದಿನ ಚಕ್ರಗಳು ಬರತೊಡಗುತ್ತವೆ. ದೂರು ಎರಡೇ ಬಗೆ: ಆಕ್ಸಲ್ ಮುರಿದಿದೆ, ಇಲ್ಲವೆ ತುಳಿದಾಗ ಚೈನ್ ಹಲ್ಲಿನ ಮೇಲೆ ಜಾರುತ್ತಿದೆ. ಹೊಸ ಆಕ್ಸಲ್ ಬೀಳುತ್ತದೆ, ಚೈನಿಗೆ ಎಣ್ಣೆ ಬೀಳುತ್ತದೆ, ಕೆಲವು ತಿಂಗಳಲ್ಲಿ ಅದೇ ಚಕ್ರ ಮತ್ತೆ ಅಂಗಡಿಯಲ್ಲಿರುತ್ತದೆ. ‘ಈಗಿನ ಉಕ್ಕೇ ಸರಿಯಿಲ್ಲ’ ಎಂಬ ಗೊಣಗಾಟ ಆಗ ಶುರು. ಉಕ್ಕನ್ನು ದೂರುವ ಮೊದಲು ಬೆಳಗ್ಗೆ ಪಾವ್ ಹೊತ್ತು ಬರುವ ಕಪ್ಪು ಸೈಕಲ್ಲನ್ನು ಒಮ್ಮೆ ನೋಡಬೇಕು. ಅದರ ಆಕ್ಸಲ್ ಏನೂ ವಿಶೇಷದ್ದಲ್ಲ, ದಪ್ಪ ಸುಮಾರು 10 ಮಿ.ಮೀ., ಗೇರ್ ಸೈಕಲ್ಲಿನದೂ ಅಷ್ಟೇ. ಆದರೂ ಹೊರೆ ಹೊತ್ತದ್ದು ಬಾಳುತ್ತದೆ, ಒಬ್ಬನೇ ಕೂತು ಓಡಿಸುವುದು ಮುರಿಯುತ್ತದೆ.

ಕಾರಣ ಬೇರಿಂಗ್ ಕೂತಿರುವ ಜಾಗ. ಕಪ್ಪು ಸೈಕಲ್ಲಿಗೆ ಇರುವುದು ಒಂದೇ ಫ್ರೀವ್ಹೀಲ್, ಸಾಮಾನ್ಯವಾಗಿ 18 ಹಲ್ಲಿನದು. ಅದು ತೆಳ್ಳಗಿರುವುದರಿಂದ ಬಲಗಡೆಯ ಬೇರಿಂಗ್ ಫ್ರೇಮಿಗೆ ಹತ್ತಿರವೇ ಇರುತ್ತದೆ. ಆರೇಳು ಗೇರಿನ ಅಗ್ಗದ ಸೈಕಲ್ಲಿನಲ್ಲಿ ಬೇರಿಂಗ್ ಚಕ್ರದ ನಡುವಿನ ಹಬ್ಬಿನೊಳಗೇ ಉಳಿದು, ಅದರ ಹೊರಗೆ ಗೇರುಗಳ ಇಡೀ ಗೊಂಚಲು ಕೂರುತ್ತದೆ. ಬೇರಿಂಗಿನಿಂದ ಫ್ರೇಮಿನವರೆಗೆ ಆಕ್ಸಲ್ ಯಾವ ಆಸರೆಯೂ ಇಲ್ಲದೆ ಚಾಚಿಕೊಂಡಿರುತ್ತದೆ. ಚಾಚು ಮೂರು ಪಟ್ಟಾದರೆ ಅದೇ ಭಾರ ಆಕ್ಸಲಿನ ಮೇಲೆ ಹೇರುವ ಬಗ್ಗಿಸುವ ಒತ್ತಡವೂ ಮೂರು ಪಟ್ಟಾಗುತ್ತದೆ. ಮುರಿದ ತುಂಡೇ ಇದಕ್ಕೆ ಸಾಕ್ಷಿ: ಮುರಿತ ಬಹುಪಾಲು ಬಲಗಡೆ, ಬೇರಿಂಗಿನ ಕೋನಿನ ಹತ್ತಿರ, ಮರೆಯ (ಥ್ರೆಡ್ಡಿನ) ಬುಡದಲ್ಲಿ ಆಗಿರುತ್ತದೆ. ಮುರಿದ ಮುಖದ ಒಂದು ಭಾಗ ಕಪ್ಪಾಗಿ ತುಕ್ಕು ಹಿಡಿದಿದ್ದರೆ, ಉಳಿದದ್ದು ಹೊಸದಾಗಿ ಹೊಳೆಯುತ್ತಿದ್ದರೆ, ಬಿರುಕು ಎಂದೋ ಬಿಟ್ಟಿತ್ತೆಂದೇ ಅರ್ಥ. ಕಲ್ಯಾಣ್-ಶಿಳ್ ರಸ್ತೆಯ ಕೊನೆಯ ಹೊಂಡವನ್ನು ಶಪಿಸಿ ಫಲವಿಲ್ಲ, ಅದಕ್ಕೂ ಮೊದಲಿನ ಹೊಂಡಗಳೆಲ್ಲ ಸೇರಿ ಮಾಡಿದ ಕೆಲಸ ಅದು.

‘ಹಾಗಾದರೆ ಗಟ್ಟಿ ಆಕ್ಸಲ್ ಹಾಕಿದರಾಯಿತಲ್ಲ?’ ಎಂದು ಕೇಳಬಹುದು. ಒಳ್ಳೆಯ ಉಕ್ಕಿನ ಆಕ್ಸಲ್ ಬಿರುಕನ್ನು ಮುಂದೂಡುತ್ತದೆ, ಚಾಚನ್ನು ಕಡಿಮೆ ಮಾಡುವುದಿಲ್ಲ. ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ನೋಡುವುದಿಲ್ಲ: ಆಕ್ಸಲ್ ಕೂರುವ ಫ್ರೇಮಿನ ಎರಡು ಕಚ್ಚುಗಳು ಒಂದಕ್ಕೊಂದು ಸಮಾಂತರವಾಗಿರಬೇಕು. ಒಂದು ವಾಲಿದ್ದರೆ ನಟ್ ಬಿಗಿಯುತ್ತಲೇ ಹೊಸ ಆಕ್ಸಲ್ ಬಾಗುತ್ತದೆ. ಎರಡು ಸಲ ಆಕ್ಸಲ್ ಮುರಿದ ಸೈಕಲ್ಲಿಗೆ ಮೂರನೆಯದನ್ನು ಹಾಕುವ ಮೊದಲು ಇದನ್ನು ಪರೀಕ್ಷಿಸಲು ಹಟ ಹಿಡಿದು ಹೇಳಿ.

ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ಹಬ್ ಯಾವ ಜಾತಿಯದೆಂದು ತಿಳಿಯಬೇಕು. ಗೇರುಗಳನ್ನು ಹಿಮ್ಮುಖವಾಗಿ ತಿರುಗಿಸಿ, ನಡುವೆ ಉಪಕರಣ ಕೂರುವ ಗೆರೆಗಳನ್ನು ಗಮನಿಸಿ. ಗೆರೆಗಳೂ ಗೇರಿನ ಜೊತೆಗೇ ತಿರುಗಿದರೆ ಅದು ಕ್ಯಾಸೆಟ್. ಅವು ನಿಂತಲ್ಲೇ ನಿಂತರೆ ಮರೆಯ ಮೇಲೆ ತಿರುಗಿಸಿ ಕೂರಿಸಿದ ಫ್ರೀವ್ಹೀಲ್. ‘7 ಸ್ಪೀಡ್’ ಎಂಬ ಸ್ಟಿಕ್ಕರ್ ನಂಬಬೇಡಿ, ಏಳು ಗೇರು ಎರಡು ಬಗೆಯಲ್ಲೂ ಬರುತ್ತವೆ.

ಎರಡನೆಯದು ಚೈನ್. ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟು 24 ಕೊಂಡಿಗಳಾಚೆಯ ಪಿನ್ ನೋಡಿ. ಕೊಂಡಿಗೆ ಅರ್ಧ ಇಂಚು, ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚಿಗೆ, ಅಂದರೆ 304.8 ಮಿ.ಮೀ.ಗೆ ಬರುತ್ತದೆ. ಇಂಚಿನ ಹದಿನಾರನೆಯ ಒಂದು ಭಾಗ ದಾಟಿದ್ದರೆ, ಸುಮಾರು 306.4, ಚೈನ್ ಮಾತ್ರ ಬದಲಿಸಿ, ಗೇರ್ ಉಳಿಯುತ್ತದೆ. ಎಂಟನೆಯ ಒಂದು ಭಾಗ, ಅಂದರೆ 308 ಮಿ.ಮೀ. ತಲುಪಿದ್ದರೆ ಹಲ್ಲುಗಳೂ ಆ ಉದ್ದಕ್ಕೆ ಸವೆದಿರುತ್ತವೆ, ಹೊಸ ಚೈನ್ ಅವುಗಳ ಮೇಲೆ ಜಾರುತ್ತದೆ. 14 ಹಲ್ಲಿನ ಗೇರಿನಲ್ಲಿ ಒಂದೊಂದು ಸಲಕ್ಕೆ ಚೈನ್ ಹಿಡಿಯುವುದು ಸುಮಾರು ಏಳು ಹಲ್ಲನ್ನು, 28ರಲ್ಲಿ ಹದಿನಾಲ್ಕನ್ನು. ಆದ್ದರಿಂದಲೇ ಪಾಮ್ ಬೀಚ್ ರೋಡಿನಲ್ಲಿ ಸದಾ ಚಿಕ್ಕ ಗೇರಿನಲ್ಲೇ ರಭಸದಿಂದ ಓಡುವವರ ಚಿಕ್ಕ ಗೇರು ಮೊದಲು ಸಾಯುತ್ತದೆ. ಇದರಲ್ಲಿ ಮೆಕ್ಯಾನಿಕ್ಕನ ತಪ್ಪಿಲ್ಲ.

ಇನ್ನು ಬಹುಮಂದಿ ಎಡವುವ ಜಾಗ: ಫ್ರೀವ್ಹೀಲ್ ಬಿಚ್ಚುವುದು. ಪ್ರತಿ ತುಳಿತವೂ ಅದನ್ನು ಇನ್ನಷ್ಟು ಬಿಗಿ ಮಾಡಿರುತ್ತದೆ. ಜೊತೆಗೆ ಹಬ್ ಅಲ್ಯುಮಿನಿಯಂ, ಫ್ರೀವ್ಹೀಲ್ ಉಕ್ಕು, ನಡುವೆ ನಾಲ್ಕು ತಿಂಗಳ ಮಳೆನೀರು, ಸಮುದ್ರದ ಖಾಡಿಯ ಉಪ್ಪುಗಾಳಿ. ಎರಡು ಲೋಹಗಳು ಹೀಗೆ ಉಪ್ಪುನೀರಿನಲ್ಲಿ ತಾಗಿ ಕೂತರೆ ಅಲ್ಯುಮಿನಿಯಂ ಕೊರೆದು ಮರೆ ಕಚ್ಚಿಕೊಳ್ಳುತ್ತದೆ. ಉಳಿ-ಸುತ್ತಿಗೆ ತೆಗೆದುಕೊಂಡು ಬಡಿಯುವ ಅಂಗಡಿಯಿಂದ ಚಕ್ರವನ್ನು ಆ ಕ್ಷಣವೇ ವಾಪಸು ಪಡೆಯಿರಿ. ಫ್ರೀವ್ಹೀಲಿನ ಗೆರೆಗೆ ಸರಿಯಾಗಿ ಹೊಂದುವ ಬಿಚ್ಚುಗವೇ (ರಿಮೂವರ್) ಬೇಕು. ಆಕ್ಸಲಿನ ನಟ್ ತೆಗೆದು ಬಿಚ್ಚುಗವನ್ನು ಕೂರಿಸಿ, ಅದು ಜಾರಿ ಗೆರೆ ಕೆಡದಂತೆ ಮತ್ತೆ ಅದೇ ನಟ್ಟಿನಿಂದ ಹಗುರವಾಗಿ ಹಿಡಿದಿಡಿ. ಬಿಚ್ಚುಗವನ್ನು ಮೇಜಿನ ಇಕ್ಕಳಕ್ಕೆ (ವೈಸ್) ಸಿಕ್ಕಿಸಿ, ಚಕ್ರವನ್ನು ಎರಡೂ ಕೈಯಲ್ಲಿ ಕಾರಿನ ಸ್ಟೇರಿಂಗಿನಂತೆ ಹಿಡಿದು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಸಡಿಲವಾದ ತಕ್ಷಣ ನಿಲ್ಲಿಸಿ ನಟ್ ತೆಗೆಯಬೇಕು. ಹಾಗೇ ತಿರುಗಿಸುತ್ತ ಹೋದರೆ ಆ ಬಲವೆಲ್ಲ ಆಕ್ಸಲಿನ ಮರೆಯ ಮೇಲೆ ಬೀಳುತ್ತದೆ. ಬಾಗಿದ ರಿಮ್ ಎಸೆದು ಹಬ್ ಉಳಿಸಿಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು: ಕಡ್ಡಿ ಕತ್ತರಿಸುವ ಮುನ್ನ ಫ್ರೀವ್ಹೀಲ್ ಬಿಚ್ಚಲೇಬೇಕು. ಕಡ್ಡಿ ಕತ್ತರಿಸಿದ ಮೇಲೆ ತಿರುಗಿಸಲು ಹಿಡಿತವೇ ಉಳಿಯುವುದಿಲ್ಲ, ಒಳ್ಳೆಯ ಹಬ್ ಗುಜರಿಗೆ ಹೋಗುತ್ತದೆ. ಮತ್ತೆ ಕೂರಿಸುವಾಗ ಮರೆಗೆ ಧಾರಾಳವಾಗಿ ಗ್ರೀಸ್ ಸವರಿ ಮೊದಲು ಕೈಯಿಂದಲೇ ತಿರುಗಿಸಿ. ಗ್ರೀಸ್ ಹಾಕಿದರೆ ತಾನಾಗಿ ಬಿಚ್ಚಿಕೊಂಡೀತೆಂಬ ಅಂಜಿಕೆ ಬೇಡ, ತುಳಿತವೇ ಅದನ್ನು ಬಿಗಿಯುತ್ತಿರುತ್ತದೆ. ಈ ಒಂದು ಬೆರಳು ಗ್ರೀಸ್ ಇಲ್ಲದ್ದೇ ಮುಂದಿನ ವರ್ಷದ ಜಗಳಕ್ಕೆ ಮೂಲ.

ಫ್ರೀವ್ಹೀಲ್ ಹೊರಬಂದಾಗಲೇ ಆಕ್ಸಲನ್ನು ಬೆರಳಿನಿಂದ ತಿರುಗಿಸಿ ನೋಡಿ. ತುದಿ ಓಲಾಡಿದರೆ ಬಾಗಿದೆ, ಬದಲಿಸಿ. ಬೇರಿಂಗ್ ಗುಂಡುಗಳನ್ನು ತೊಳೆದು ಮತ್ತೆ ಹಾಕುವುದು ಸುಳ್ಳು ಉಳಿತಾಯ. ಸಾಮಾನ್ಯ ಹಬ್ಬಿಗೆ ಬದಿಗೆ ಒಂಬತ್ತರಂತೆ ಕಾಲು ಇಂಚಿನವು ಹೊಸದೇ ಬೇಕು. ಕೋನಿನ ಮೇಲೆ ಚುಕ್ಕಿ ಗುಳಿ ಕಂಡರೆ ಕೋನೂ ಹೊಸದು. ಹಬ್ಬಿನ ಬಟ್ಟಲಿನಲ್ಲೇ ಗುಳಿ ಬಿದ್ದಿದ್ದರೆ ಆ ಹಬ್ಬಿಗೆ ದುಡ್ಡು ಸುರಿಯಬೇಡಿ.

ಹೊಸದು ಕೊಳ್ಳುವವರಿಗೆ: ಶಿಮಾನೊ ಕಂಪನಿ 1978ರಲ್ಲಿ ತಂದ, ಕ್ಯಾಸೆಟ್ ಕೂರುವ ಫ್ರೀಹಬ್ಬಿನಲ್ಲಿ ಬಲ ಬೇರಿಂಗ್ ಗೇರುಗಳ ಕೆಳಗೆ, ಫ್ರೇಮಿನ ಪಕ್ಕಕ್ಕೆ ಸರಿಯಿತು. ಚಾಚು ಹೋಯಿತು, ಆಕ್ಸಲ್ ಮುರಿಯುವುದೂ ಅಪರೂಪವಾಯಿತು. ಬೆಲೆ ಹೆಚ್ಚೆಂಬ ಆಕ್ಷೇಪ ನಿಜ. ಸ್ಟೇಷನ್ನಿಗಷ್ಟೇ ಹೋಗುವವರಿಗೆ ಒಂಟಿ ಫ್ರೀವ್ಹೀಲ್ ಸಾಕು, ಅಲ್ಲಿ ಚಾಚೇ ಇಲ್ಲ. ಠಾಣೆಯ ಯೇವೂರು ಗುಡ್ಡ ಹತ್ತುವವರು, ಮೈಭಾರ ಹೆಚ್ಚಿರುವವರು ಕ್ಯಾಸೆಟ್ಟೇ ಕೊಳ್ಳಲಿ. ನಡುವಿನ ಆರೇಳು ಗೇರಿನ ಫ್ರೀವ್ಹೀಲ್ ಅಗ್ಗವಾಗಿ ಕಂಡೀತು, ಆದರೆ ಆಕ್ಸಲ್ ಲೆಕ್ಕ ಸೇರಿಸಿದರೆ ಅಲ್ಲ. ಕ್ಯಾಸೆಟ್ ಕೊಂಡವರಿಗೆ: ಗೇರುಗಳನ್ನು ಹಿಡಿದಿಡುವ ಲಾಕ್‌ರಿಂಗ್ ಬಿಗಿತ 40 ನ್ಯೂಟನ್-ಮೀಟರ್. ಶಿಮಾನೊ ಮಾದರಿಯ ಹೆಚ್ಚಿನ ಹಬ್ಬುಗಳಲ್ಲಿ ಒಳಗಿನ ಫ್ರೀಹಬ್ ಬಿಚ್ಚಲು 10 ಮಿ.ಮೀ. ಅಲೆನ್ ಕೀ ಬೇಕು. ಕೊನೆಯದಾಗಿ, ಮುಂಬೈಯನ್ನು ಮುಳುಗಿಸಿದ 2005ರ ಜುಲೈ 26ರಂಥ ಮಳೆಯೇ ಆಗಬೇಕಿಲ್ಲ, ಸೊಸೈಟಿಯ ಪಾರ್ಕಿಂಗಿನಲ್ಲಿ ಹಬ್ ಮುಳುಗುವಷ್ಟು ನೀರು ನಿಂತಿದ್ದರೆ ಹೊರಗಿನಿಂದ ಎಣ್ಣೆ ಸುರಿಯದೆ ಅದೇ ವಾರ ಬಿಚ್ಚಿಸಿ.