ಅಂತರಜಾಲದ ದೂರವಾಣಿ ಮತ್ತು ಗಡಿಯ ಯಂತ್ರ

ಅಂತರಜಾಲದ ಮೂಲಕ ಸಾಗುವ ದೂರವಾಣಿಯ ಕರೆಯಲ್ಲಿ ಒಮ್ಮೊಮ್ಮೆ ಒಂದು ವಿಚಿತ್ರವಾದ ತೊಡಕು ಕಾಣಿಸಿಕೊಳ್ಳುವುದುಂಟು. ಗಂಟೆ ಬಾರಿಸುತ್ತದೆ, ಆಚೆಯವರು ಕರೆಯನ್ನು ಸ್ವೀಕರಿಸುತ್ತಾರೆ, ಕರೆದವನ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಅವರು ಆಡಿದ ಮಾತು ಮಾತ್ರ ಇವನಿಗೆ ಕೇಳಿಸದು. ಸಂಪರ್ಕವೇ ಕಡಿದಿದ್ದರೆ ಗಂಟೆಯೂ ಬಾರಿಸುತ್ತಿರಲಿಲ್ಲ. ಹಾಗಾದರೆ ಅರ್ಧ ಸಂಭಾಷಣೆ ಎಲ್ಲಿ ಮಾಯವಾಯಿತು? ಇದನ್ನು ವಿಚಾರ ಮಾಡಿದರೆ, ಜಾಲ ಜಾಲಗಳ ನಡುವಿನ ಗಡಿಯಲ್ಲಿ ನಿಂತು ಕೆಲಸ ಮಾಡುವ ‘ಸೆಷನ್ ಬಾರ್ಡರ್ ಕಂಟ್ರೋಲರ್’ ಎಂಬ ಯಂತ್ರದ ಅವಶ್ಯಕತೆ ತಾನಾಗಿಯೇ ಮನದಟ್ಟಾಗುತ್ತದೆ. ಅದನ್ನು ನಾವಿಲ್ಲಿ ಸಂಕ್ಷೇಪವಾಗಿ ‘ಗಡಿಯಂತ್ರ’ ಎಂದು ಕರೆಯೋಣ.

ಮೊದಲು ಮಾತು ಸಾಗುವ ಬಗೆಯನ್ನು ನೋಡೋಣ. ಸಾಮಾನ್ಯವಾದ ಒಂದು ಪದ್ಧತಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ ೮,೦೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೮ ಬಿಟ್‌ಗಳಲ್ಲಿ ಬರೆಯುತ್ತಾರೆ. ಹೀಗೆ ಸೆಕೆಂಡಿಗೆ ೬೪,೦೦೦ ಬಿಟ್‌ಗಳಾದುವು. ಇವನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೆ ಒಂದರಂತೆ ಪ್ಯಾಕೆಟ್‌ಗಳಾಗಿ ಕಟ್ಟಿದರೆ ಪ್ರತಿಯೊಂದರಲ್ಲಿಯೂ ೧೬೦ ಬೈಟ್‌ಗಳಷ್ಟು ಧ್ವನಿ ಇರುತ್ತದೆ. ವಿಳಾಸ ಮೊದಲಾದ ವಿವರಗಳಿಗೆ ಇನ್ನೂ ೪೦ ಬೈಟ್‌ಗಳು ಬೇಕು. ಆದಕಾರಣ ಒಂದು ದಿಕ್ಕಿನ ಮಾತಿಗೆ ಸೆಕೆಂಡಿಗೆ ಒಟ್ಟು ೮೦,೦೦೦ ಬಿಟ್‌ಗಳು ಹರಿಯುತ್ತವೆಂದು ವಾಚಕರು ತಾವೇ ಗುಣಿಸಿ ತಿಳಿಯಬಹುದು.

ಆದರೆ ಮಾತು ಹರಿಯುವ ಮುನ್ನ ಕರೆಯನ್ನು ಏರ್ಪಡಿಸಬೇಕಷ್ಟೆ. ಈ ಕೆಲಸ ‘ಸಿಪ್’ ಎಂಬ ನಿಯಮಾವಳಿಯದು. ಅಂತರಜಾಲದ ನಿಯಮಗಳನ್ನು ರೂಪಿಸುವ ಐ.ಇ.ಟಿ.ಎಫ್. ಸಂಸ್ಥೆ ಇದನ್ನು ೧೯೯೯ರಲ್ಲಿ ಪ್ರಕಟಿಸಿ, ೨೦೦೨ರಲ್ಲಿ ಪರಿಷ್ಕರಿಸಿತು. ಇದರಂತೆ ಕರೆಯುವವನ ಉಪಕರಣವು ಒಂದು ಆಮಂತ್ರಣ ಪತ್ರವನ್ನು ಕಳುಹಿಸುತ್ತದೆ. ‘ನನಗೆ ಇಂಥ ಪದ್ಧತಿಯ ಧ್ವನಿ ತಿಳಿಯುತ್ತದೆ, ನಿಮ್ಮ ಮಾತನ್ನು ಇಂಥ ವಿಳಾಸಕ್ಕೆ ಕಳುಹಿಸಿ’ ಎಂಬುದೇ ಪತ್ರದ ಸಾರಾಂಶ. ಪತ್ರ ಹೋಗುವ ದಾರಿಯೂ ಮಾತು ಹೋಗುವ ದಾರಿಯೂ ಒಂದೇ ಆಗಿರಬೇಕಾಗಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಈಗ ತೊಡಕಿನ ಮೂಲಕ್ಕೆ ಬರೋಣ. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ೩೨ ಬಿಟ್‌ಗಳಿರುವುದರಿಂದ ಸುಮಾರು ೪೨೯ ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಇವು ಎಲ್ಲರಿಗೂ ಸಾಲವು. ಆದುದರಿಂದ ೧೯೨.೧೬೮ ಎಂದು ಮೊದಲಾಗುವ ವಿಳಾಸಗಳನ್ನೂ ಇನ್ನು ಕೆಲವನ್ನೂ ಯಾರು ಬೇಕಾದರೂ ತಮ್ಮ ಮನೆಯೊಳಗೆ, ಕಚೇರಿಯೊಳಗೆ ಬಳಸಿಕೊಳ್ಳಬಹುದೆಂದು ೧೯೯೬ರ ನಿಯಮವೊಂದು ಗೊತ್ತುಮಾಡಿತು. ಇವು ವಿದ್ಯಾರ್ಥಿನಿಲಯದ ಕೊಠಡಿಯ ಸಂಖ್ಯೆಗಳಿದ್ದಂತೆ. ಏಳನೆಯ ಕೊಠಡಿ ಎಲ್ಲ ನಿಲಯಗಳಲ್ಲಿಯೂ ಉಂಟು. ಬರಿಯ ‘ಏಳನೆಯ ಕೊಠಡಿ’ ಎಂದು ಬರೆದ ಕಾಗದವನ್ನು ಅಂಚೆಯವನು ಎಲ್ಲಿಗೆ ಮುಟ್ಟಿಸಬೇಕು?

ಮನೆಯ ರೂಟರ್ ಈ ಕೊರತೆಯನ್ನು ಅರ್ಧ ಮಾತ್ರ ನೀಗಿಸುತ್ತದೆ. ಹೊರಹೋಗುವ ಲಕೋಟೆಯ ಮೇಲೆ ಅದು ಕೊಠಡಿಯ ಸಂಖ್ಯೆಯನ್ನು ಅಳಿಸಿ ಹೊರಗಿನ ವಿಳಾಸವನ್ನು ಬರೆಯುತ್ತದೆ. ಒಳಗಿನ ಪತ್ರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಲಕೋಟೆಯ ವಿಳಾಸಕ್ಕೆ ಬರೆದ ಉತ್ತರ ಹಿಂದಿರುಗಿ ಬರುತ್ತದೆ. ಆದ್ದರಿಂದ ಗಂಟೆ ಬಾರಿಸುತ್ತದೆ. ಪತ್ರದೊಳಗಿನ ೧೯೨.೧೬೮.೧.೭ ಎಂಬ ವಿಳಾಸಕ್ಕೆ ಕಳುಹಿಸಿದ ಮಾತು ಮಾತ್ರ ದಾರಿಯಲ್ಲೇ ನಷ್ಟವಾಗುತ್ತದೆ. ಮಾಯವಾದ ಅರ್ಧ ಸಂಭಾಷಣೆಯ ರಹಸ್ಯವಿದು.

ಗಡಿಯಂತ್ರವು ಲಕೋಟೆಯನ್ನು ಒಡೆದು ಪತ್ರವನ್ನು ಓದುತ್ತದೆ. ಬಂದ ಕರೆಯನ್ನು ತನ್ನಲ್ಲಿಯೇ ಮುಗಿಸಿ, ಆಚೆಯ ಜಾಲಕ್ಕೆ ತಾನೇ ಮತ್ತೊಂದು ಕರೆಯನ್ನು ಹೂಡುತ್ತದೆ. ನಮಗೆ ಒಂದೇ ಎಂದು ತೋರುವ ಕರೆ ವಾಸ್ತವವಾಗಿ ಎರಡು ಕರೆಗಳ ಜೋಡಣೆ. ಎರಡು ಪತ್ರಗಳಲ್ಲಿಯೂ ಅದು ತನ್ನ ವಿಳಾಸವನ್ನೇ ಬರೆಯುವುದರಿಂದ ಇಬ್ಬರ ಮಾತೂ ಮೊದಲು ಅದನ್ನೇ ತಲಪುತ್ತದೆ. ಮನೆಯಿಂದ ಬಂದ ಮೊದಲನೆಯ ಧ್ವನಿಪ್ಯಾಕೆಟ್ಟಿನ ಹೊರವಿಳಾಸವನ್ನು ನೋಡಿಕೊಂಡು ಮರುಮಾತನ್ನು ಅಲ್ಲಿಗೇ ತಿರುಗಿಸುತ್ತದೆ. ಹೀಗೆ ಕಳೆದುಹೋದ ಅರ್ಧ ಮಾತು ಮನೆಗೆ ಮರಳುತ್ತದೆ.

ಇದರ ಉಪಕಾರ ಇಷ್ಟಕ್ಕೇ ನಿಲ್ಲದು. ಒಳಜಾಲದ ರಚನೆಯನ್ನು ಇದು ಹೊರಗಿನವರಿಗೆ ಮರೆಮಾಡುತ್ತದೆ. ಸುಳ್ಳು ಕರೆಗಳ ಪ್ರವಾಹವನ್ನು ತಡೆಯುತ್ತದೆ. ಒಂದು ಕಡೆಯವರು ೬೪,೦೦೦ ಬಿಟ್‌ಗಳ ಧ್ವನಿಯನ್ನೂ ಮತ್ತೊಂದು ಕಡೆಯವರು ೮,೦೦೦ ಬಿಟ್‌ಗಳಿಗೆ ಕುಗ್ಗಿಸಿದ ಧ್ವನಿಯನ್ನೂ ಬಳಸುತ್ತಿದ್ದರೆ ನಡುವೆ ದುಭಾಷಿಯೂ ಆಗಬಲ್ಲದು. ಆದರೆ ಇಂಥ ಪ್ರತಿಯೊಂದು ಪರಿವರ್ತನೆಗೂ ಕಾಲ ಹಿಡಿಯುತ್ತದೆ. ಮಾತು ಒಂದು ತುದಿಯಿಂದ ಇನ್ನೊಂದಕ್ಕೆ ಮುಟ್ಟಲು ೧೫೦ ಮಿಲಿಸೆಕೆಂಡುಗಳನ್ನು ಮೀರದಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ.

ಇನ್ನು, ಪತ್ರವನ್ನು ಒಡೆದು ತಿದ್ದುವವನನ್ನು ಎಷ್ಟರಮಟ್ಟಿಗೆ ನಂಬಬಹುದು? ಕರೆದವನು ನಿಜವಾಗಿ ಅವನೇ ಎಂದು ಸಾಧಿಸಲು ಪತ್ರಕ್ಕೆ ಗಣಿತೀಯ ಸಹಿ ಹಾಕುವ ನಿಯಮವೊಂದು ೨೦೦೬ರಲ್ಲಿ ಹೊರಟಿತು. ಆ ಸಹಿ ಪತ್ರದೊಳಗಿನ ಧ್ವನಿವಿಳಾಸವನ್ನೂ ಒಳಗೊಂಡಿತ್ತು. ಗಡಿಯಂತ್ರ ತಿದ್ದುವುದೂ ಅದನ್ನೇ! ಪರಿಣಾಮವಾಗಿ ಪ್ರಾಮಾಣಿಕವಾದ ಕರೆಯ ಸಹಿಯೂ ಕೆಡುತ್ತಿತ್ತು. ೨೦೧೮ರ ಹೊಸ ನಿಯಮವು ಕರೆದವನ ಸಂಖ್ಯೆ, ಕರೆಸಿಕೊಂಡವನ ಸಂಖ್ಯೆ, ಕರೆಯ ಕಾಲ ಇವುಗಳಿಗೆ ಸಹಿ ಇದ್ದರೆ ಸಾಕೆಂದು ಬದಲಾಯಿಸಿತು. ಇವನ್ನು ಕೆಡಿಸದೆ ದಾಟಿಸುವುದು ಗಡಿಯಂತ್ರಕ್ಕೆ ಸುಲಭ. ಈ ಪದ್ಧತಿಯನ್ನು ತಮ್ಮ ಅಂತರಜಾಲ ವಿಭಾಗಗಳಲ್ಲಿ ೨೦೨೧ರ ಜೂನ್ ೩೦ರೊಳಗೆ ಅಳವಡಿಸಬೇಕೆಂದು ಅಮೆರಿಕದ ದೊಡ್ಡ ದೂರವಾಣಿ ಕಂಪನಿಗಳಿಗೆ ಅಲ್ಲಿಯ ಸರ್ಕಾರ ವಿಧಿಸಿತು.

ಗುಟ್ಟಿನ ವಿಷಯವೂ ಹೀಗೆಯೇ. ಮಾತನ್ನು ಗೂಢಲಿಪಿಗೆ ತಿರುಗಿಸಿದರೂ, ಅದರ ಬೀಗದ ಕೈಯನ್ನು ಆಮಂತ್ರಣ ಪತ್ರದಲ್ಲಿಯೇ ಇಟ್ಟು ಕಳುಹಿಸಿದರೆ ಪತ್ರ ಒಡೆಯುವ ಯಂತ್ರಕ್ಕೆ ಆ ಕೈ ದೊರೆತಂತೆಯೇ. ಎರಡು ತುದಿಯವರೂ ತಾವೇ ಕೈಯನ್ನು ನಿರ್ಮಿಸಿಕೊಂಡು, ಅದು ಪರಸ್ಪರರದೇ ಎಂದು ಪರೀಕ್ಷಿಸಿಕೊಂಡರೆ ಗುಟ್ಟು ಉಳಿಯುತ್ತದೆ. ಆದರೆ ಆಗ ಯಂತ್ರವು ದುಭಾಷಿಯಾಗಲಾರದು. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ.

೧೨೮ ಬಿಟ್‌ಗಳ ಹೊಸ ವಿಳಾಸ ಪದ್ಧತಿ ಎಲ್ಲೆಡೆ ಹರಡಿದರೆ ವಿಳಾಸಗಳ ಅಭಾವವೇನೋ ನೀಗೀತು. ಆದರೂ ಜಾಲಗಳಿಗೆ ಬೇರೆ ಬೇರೆ ಒಡೆಯರಿರುವವರೆಗೆ ಅವುಗಳ ನಡುವೆ ಗಡಿ ಇದ್ದೇ ಇರುತ್ತದೆ. ಗಡಿಯಲ್ಲಿ ಕಾವಲೂ ಬೇಕಾಗುತ್ತದೆ. ಆ ಕಾವಲುಗಾರನಿಗೆ ನಮ್ಮ ಪತ್ರದಲ್ಲಿ ಎಷ್ಟನ್ನು ಓದಗೊಡಬೇಕು, ಎಷ್ಟನ್ನು ತಿದ್ದಗೊಡಬೇಕು ಎಂಬುದನ್ನು ಯಂತ್ರ ತಾನಾಗಿ ಗೊತ್ತುಮಾಡದು. ನಿಯಮಗಳನ್ನು ರಚಿಸುವ ಮನುಷ್ಯರೇ ಗೊತ್ತುಮಾಡಬೇಕು. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನಾಳೆ ಆ ಹೊಣೆ ಬಂದೀತು.