ಆಕರಕೋಶವೂ ಅದರ ನೆಲೆಯೂ

ನಮ್ಮ ರಕ್ತದ ಕೆಂಪುಕಣಕ್ಕೆ ಸುಮಾರು 120 ದಿನಗಳ ಆಯುಸ್ಸು. ಅಳಿದವುಗಳ ಸ್ಥಾನವನ್ನು ತುಂಬಲು ದೇಹವು ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣಗಳನ್ನು ನಿರ್ಮಿಸಬೇಕಾಗುತ್ತದೆ. ಈ ನಿರ್ಮಾಣ ನಡೆಯುವುದು ಮೂಳೆಗಳೊಳಗಿನ ಅಸ್ಥಿಮಜ್ಜೆಯಲ್ಲಿ. ಅಲ್ಲಿ ಕೆಂಪುಕಣ, ಬಿಳಿಕಣ ಮೊದಲಾದ ಎಲ್ಲ ರಕ್ತಕಣಗಳಿಗೂ ಮೂಲವಾಗಿದ್ದು, ತನ್ನಂತಹ ಕೋಶವನ್ನೂ ಮತ್ತೆ ಹುಟ್ಟಿಸಬಲ್ಲ ಜೀವಕೋಶವೊಂದುಂಟು. ಅದಕ್ಕೆ ಆಕರಕೋಶವೆಂದು ಹೆಸರು.

1961ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕುಲಾಕ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ತೀವ್ರ ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳ ರಕ್ತನಾಳಕ್ಕೆ ಅವರು ಆರೋಗ್ಯವಂತ ಇಲಿಯ ಮಜ್ಜೆಯ ಕೋಶಗಳನ್ನು ಸೇರಿಸಿದರು. ಕೆಲವೇ ದಿನಗಳಲ್ಲಿ ಆ ಇಲಿಗಳ ಗುಲ್ಮದಲ್ಲಿ ಸಣ್ಣ ಸಣ್ಣ ಗಂಟುಗಳು ಎದ್ದವು. ಒಂದೊಂದು ಗಂಟೂ ಒಂದೇ ಕೋಶದ ಸಂತಾನವೆಂಬುದು 1963ರ ಪ್ರಯೋಗದಿಂದ ದೃಢಪಟ್ಟಿತು.

ಆದರೆ ಗುಲ್ಮದಲ್ಲಿ ಬೆಳೆದ ಈ ಕೋಶಗಳಿಗೆ ಮಜ್ಜೆಯ ಕೋಶಗಳಷ್ಟು ನವೀಕರಣಶಕ್ತಿ ಇರಲಿಲ್ಲ. ಇದೇಕೆ? 1978ರಲ್ಲಿ ಇಂಗ್ಲೆಂಡಿನ ರೇ ಸ್ಕೋಫೀಲ್ಡ್ ಇದಕ್ಕೆ ಉತ್ತರವನ್ನು ಸೂಚಿಸಿದನು. ಆಕರಕೋಶದ ಗುಣವು ಆ ಕೋಶವೊಂದರಲ್ಲಿಯೇ ಅಡಗಿಲ್ಲ. ನೆರೆಯ ಕೋಶಗಳಿಂದಾದ ನೆಲೆಯು ಆ ಗುಣವನ್ನು ಉಳಿಸುತ್ತದೆ. ನೆಲೆ ತಪ್ಪಿದ ಕೋಶವು ಸಾಮಾನ್ಯ ರಕ್ತಕಣವಾಗುವ ದಾರಿ ಹಿಡಿಯುತ್ತದೆ ಎಂಬುದು ಅವನ ವಾದ.

ಮಜ್ಜೆಯ ಸೂಕ್ಷ್ಮ ರಕ್ತನಾಳಗಳ ಸುತ್ತಲಿನ ಆಧಾರಕೋಶಗಳು ಸಿಎಕ್ಸ್‌ಸಿಎಲ್-12 ಎಂಬ ಪ್ರೋಟೀನನ್ನು ಸ್ರವಿಸುತ್ತವೆಂದು ಇಂದು ನಾವು ಬಲ್ಲೆವು. ಅದರ ಸೆಳೆತಕ್ಕೆ ಒಳಗಾದ ಆಕರಕೋಶವು ನೆಲೆಯಲ್ಲಿಯೇ ನಿಂತು, ಬಹುಕಾಲ ವಿಭಜನೆಗೊಳ್ಳದೆ ವಿಶ್ರಮಿಸುತ್ತದೆ. ಒಕ್ಕಲಿಗನು ಬಿತ್ತನೆಯ ಬೀಜವನ್ನು ಊಟಕ್ಕೆ ಬಳಸದೆ ಕಾದಿಡುವಂತೆ ನೆಲೆಯು ಈ ಕೋಶವನ್ನು ಕಾದಿಡುತ್ತದೆ.

ರೋಗಾಣುಗಳೊಡನೆ ಹೋರಾಡುವ ಬಿಳಿಕಣಗಳು ಆಕರಕೋಶದ ಸಂತಾನವೇ ಸರಿ. ಆದರೂ ರೋಗರಕ್ಷಣಾ ವ್ಯವಸ್ಥೆಯ ಕರೆ ಆಕರಕೋಶಕ್ಕೂ ಮುಟ್ಟುತ್ತದೆ. ಸೋಂಕಿನ ಕಾಲದಲ್ಲಿ ಹೊಮ್ಮುವ ಇಂಟರ್‌ಫೆರಾನ್ ಎಂಬ ವಸ್ತುವು ವಿಶ್ರಮಿಸುತ್ತಿರುವ ಆಕರಕೋಶವನ್ನು ಎಚ್ಚರಿಸಿ ವಿಭಜನೆಗೆ ಹಚ್ಚುತ್ತದೆಂದು 2009ರಲ್ಲಿ ಇಲಿಗಳಲ್ಲಿ ತಿಳಿದುಬಂದಿತು. ಈ ಕರೆ ಬಿಡುವಿಲ್ಲದೆ ಮುಂದುವರಿದರೆ ಆಕರಕೋಶದ ಶಕ್ತಿಯೇ ಕುಂದುತ್ತದೆ. ಆಗ ಬಿತ್ತನೆಯ ಬೀಜವೂ ಕರಗಿದಂತೆ.

ಈ ಜ್ಞಾನಕ್ಕೆ ಪ್ರಾಣಗಳ ಬೆಲೆಯುಂಟು. ರಕ್ತದ ಕ್ಯಾನ್ಸರ್ ಪೀಡಿತರಿಗೆ ದಾನಿಯ ಮಜ್ಜೆಯನ್ನು ಕಸಿ ಮಾಡುವ ಚಿಕಿತ್ಸೆಯನ್ನು ರೂಪಿಸಿದ ಅಮೆರಿಕದ ಡಾನಲ್ ಥಾಮಸರು 1990ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಕೈಯ ರಕ್ತನಾಳಕ್ಕೆ ಬಿಟ್ಟರೂ ದಾನಿಯ ಆಕರಕೋಶಗಳು ಮಜ್ಜೆಯ ನೆಲೆಯನ್ನು ತಾವೇ ಸೇರುತ್ತವೆ. ಆದರೆ ಅವುಗಳ ಜೊತೆಯಲ್ಲಿ ಬಂದ ಟಿ-ಲಿಂಫೋಸೈಟುಗಳೆಂಬ ಬಿಳಿಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದೆಣಿಸಿ ಆಕ್ರಮಿಸಬಹುದು. ಇದು ಮಾರಕವೂ ಆಗಬಹುದು. ಅವುಗಳನ್ನು ಮುಂಚಿತವಾಗಿ ತೆಗೆದುಹಾಕಿದರೆ ಈ ಆಕ್ರಮಣ ತಗ್ಗುತ್ತದೆ; ಆದರೆ ಕ್ಯಾನ್ಸರ್ ಮರುಕಳಿಸುವುದು ಹೆಚ್ಚುತ್ತದೆ. ಏಕೆಂದರೆ ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೂ ಅದೇ ಟಿ-ಕೋಶಗಳು!

ಇಂದು ಹಲವೆಡೆ ಕಸಿಯ ಅನಂತರ ಮೂರನೆಯ ಮತ್ತು ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ಕೊಡುತ್ತಾರೆ. ಆಕ್ರಮಣಕ್ಕೆ ಸಜ್ಜಾಗಿ ವೇಗವಾಗಿ ವಿಭಜನೆಗೊಳ್ಳುತ್ತಿರುವ ಟಿ-ಕೋಶಗಳನ್ನು ಅದು ಅಡಗಿಸುತ್ತದೆ. ಆಕರಕೋಶದಲ್ಲಾದರೋ ಆ ಔಷಧವನ್ನು ನಿರ್ವಿಷಗೊಳಿಸುವ ಕಿಣ್ವವು ಹೇರಳವಾಗಿರುವುದರಿಂದ, ಅದು ಉಳಿದುಕೊಂಡು ಹೊಸ ರಕ್ತವನ್ನು ಬೆಳೆಸತೊಡಗುತ್ತದೆ.